ತಂಗಿಗೆ ಜ್ವರ ಎಂದೆ

ಕಳೆದ ಬೇಸಿಗೆಯಲ್ಲಿ, ನನ್ನ ತಂಗಿಗೆ ಜ್ವರ ಎಂದು ನಾನು ಒಂದು ಹಾಲ್ ತುಂಬ ಜನರಿಗೆ ಹೇಳಿದೆ. ಅವಳಿಗೆ ಜ್ವರ ಇರಲಿಲ್ಲ. ಅದೇ ಹೊತ್ತಿಗೆ ಅವಳು ಸ್ಟಾಕ್‌ಪೋರ್ಟಿನ ನಮ್ಮ ಮನೆಯಲ್ಲಿ ನನ್ನ ಗಂಡನ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಕನ್ನಡದವರ ಕೂಟ ಮುಂದಕ್ಕೆ ಹೋಗಿದೆ ಎಂದು ಅವಳಿಗೆ ಹೇಳಿ ನಾನು ಮನೆ ಬಿಟ್ಟಿದ್ದೆ. ಅದು ಇನ್ನೊಂದು ಸುಳ್ಳು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಮ್ಮ ಗೋಡಂಬಿ ಕಾರ್ಖಾನೆಗೆ ಹೋಗುವಾಗ ಮನೆಯಲ್ಲಿ ತಂಗಿಯನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದ್ದೇನೆ ಎಂದು ನಾನು ಎಷ್ಟೋ ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಂಡದ್ದುಂಟು. ಈಗ ಹೇಳಿಕೊಳ್ಳುವುದಿಲ್ಲ. ಅವಳು ನನಗಿಂತ ಹೆಚ್ಚು ಓದಿದಳು, ಮಂಗಳೂರಿನಲ್ಲಿ ಹೋಂ ನರ್ಸ್ ತರಬೇತಿ ಮಾಡಿದಳು, ಆಮೇಲೆ ಇಸ್ರೇಲಿಗೆ ಹೋದಳು. ನಮ್ಮ ಕರಾವಳಿಯಿಂದ ಹಾಗೆ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಇಸ್ರೇಲಿಗೆ ಹೋದವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಬೀದಿಯಲ್ಲಿ ಆ ದೇಶದ ಹೆಸರು ಕೇಳಿದರೆ ಯುದ್ಧ ನೆನಪಾಗುವ ಮೊದಲು ಯಾರದೋ ಹೊಸ ತಾರಸಿ ಮನೆ ನೆನಪಾಗುತ್ತಿತ್ತು.

ನಾನು ಬಂದದ್ದು ಇಲ್ಲಿಗೆ, ಇಂಗ್ಲೆಂಡಿಗೆ. ನನ್ನ ಗಂಡ ಮ್ಯಾಂಚೆಸ್ಟರಿನ ಒಂದು ಹೋಟೆಲಿನಲ್ಲಿ ಅಡುಗೆಯವರು. ನಾನು ಪಕ್ಕದ ಸ್ಟಾಕ್‌ಪೋರ್ಟಿನಲ್ಲಿ, ಮುದುಕರಿರುವ ಒಂದು ಕೇರ್ ಹೋಮಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಅಕ್ಕತಂಗಿಯರಿಬ್ಬರೂ ಬೇರೆಯವರ ಅಪ್ಪ ಅಮ್ಮಂದಿರಿಗೆ ಗಂಜಿ ಕುಡಿಸುವುದೇ ಆಯಿತು ಎಂದು ತಂಗಿ ಫೋನಿನಲ್ಲಿ ನಗುತ್ತಿದ್ದಳು.

ಅವಳು ನೋಡಿಕೊಳ್ಳುತ್ತಿದ್ದ ಮುದುಕಿ ಇಸ್ರೇಲಿನ ದಕ್ಷಿಣದ ಒಂದು ಸಣ್ಣ ಪಟ್ಟಣದವರು. ಅವರನ್ನು ತಂಗಿ 'ಸಾವ್ತಾ' ಎನ್ನುತ್ತಿದ್ದಳು. ಅಲ್ಲಿನ ಭಾಷೆಯಲ್ಲಿ ಅಜ್ಜಿ ಎಂದಂತೆ. ಗಾಜಾದಿಂದ ಬಂದೂಕುಧಾರಿಗಳು ಗಡಿ ದಾಟಿ ನುಗ್ಗಿದ ಆ ಅಕ್ಟೋಬರಿನ ಬೆಳಗ್ಗೆ ತಂಗಿ ಸಾವ್ತಾಳನ್ನು ಗಾಲಿಕುರ್ಚಿಯ ಸಮೇತ ಮನೆಯೊಳಗಿನ ಗಟ್ಟಿ ಕೋಣೆಗೆ ಎಳೆದುಕೊಂಡು ಹೋದಳು. ಅಲ್ಲಿ ಮನೆಮನೆಗೂ ಅಂಥ ಒಂದು ಕೋಣೆ ಇರುತ್ತದೆ, ರಾಕೆಟ್ ಬಿದ್ದರೂ ತಡೆಯುವ ಕಾಂಕ್ರೀಟಿನದು. ಆದರೆ ಅದರ ಬಾಗಿಲು ಬಾಂಬಿಗೆಂದು ಮಾಡಿದ್ದು, ಮನುಷ್ಯರಿಗೆಂದಲ್ಲ. ಒಳಗಿನಿಂದ ಬೀಗ ಹಾಕುವಂತಿರಲಿಲ್ಲ. ಇಡೀ ದಿನ ತಂಗಿ ಬಾಗಿಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದಳು. ಹೊರಗೆ ಗುಂಡಿನ ಸದ್ದು. ಒಳಗೆ ಸಾವ್ತಾ, ತಂಗಿಗೆ ಹೆದರಿಕೆಯಾಗದಿರಲಿ ಎಂದು, ಏನೋ ಹಳೆಯ ಲಾಲಿ ಹಾಡುತ್ತಿದ್ದರಂತೆ.

ಅವರಿಬ್ಬರೂ ಉಳಿದರು. ಪಕ್ಕದ ಬೀದಿಯಲ್ಲಿ ಇದೇ ಕೆಲಸ ಮಾಡುತ್ತಿದ್ದ ಫಿಲಿಪೈನ್ಸಿನ ಹೆಂಗಸೊಬ್ಬಳು ಉಳಿಯಲಿಲ್ಲ. ಅವಳು ತಂಗಿಯ ಗೆಳತಿ. ಓಡಿ ತಪ್ಪಿಸಿಕೊಳ್ಳಬಹುದಿತ್ತು, ಆದರೆ ತಾನು ನೋಡಿಕೊಳ್ಳುವ ಮುದುಕನನ್ನು ಬಿಟ್ಟು ಹೋಗಲಿಲ್ಲ.

ಸಾವ್ತಾ ಆಮೇಲೆ ವಯಸ್ಸಾಗಿಯೇ ತೀರಿಕೊಂಡರು. ತಂಗಿಯ ಕೆಲಸ ಮುಗಿಯಿತು. ಊರಿಗೆ ಹೋಗಿ ಸ್ವಲ್ಪ ಕಾಲ ಇದ್ದು, ವಿಸಿಟ್ ವೀಸಾದ ಮೇಲೆ ನಮ್ಮಲ್ಲಿಗೆ ಬಂದಳು. ವಿಮಾನ ನಿಲ್ದಾಣದಲ್ಲಿ ನನ್ನನ್ನು ನೋಡಿದ ಕೂಡಲೇ, "ಎಂತ ಅಕ್ಕ, ಇಷ್ಟು ದಪ್ಪ ಆಗಿದ್ದಿ? ಮುದುಕರ ಪುಡಿಂಗ್ ಎಲ್ಲ ನೀನೇ ತಿಂತಿಯಾ?" ಎಂದು ಕೆನ್ನೆ ಹಿಂಡಿದಳು. ಆ ನಗು ಹಿಂದಿನಂತೆಯೇ ಇತ್ತು. ಆದರೆ ಮನೆಗೆ ಬಂದ ಮೇಲೆ ನೋಡಿದೆ, ಯಾವ ಕೋಣೆಗೆ ಹೋದರೂ ಅವಳು ಮೊದಲು ಬಾಗಿಲಿನ ಹಿಡಿಕೆಯನ್ನು ತಿರುಗಿಸಿ ನೋಡುತ್ತಿದ್ದಳು. ಬಾತ್‌ರೂಮಿನದನ್ನೂ.

ಇಲ್ಲಿನ ಟಿವಿ ಅವಳಿಗೆ ಅರ್ಥವಾಗಲಿಲ್ಲ. ಇಂಗ್ಲಿಷ್ ಅರ್ಥವಾಗುತ್ತಿತ್ತು, ಸುದ್ದಿ ಅರ್ಥವಾಗುತ್ತಿರಲಿಲ್ಲ.

"ಇವರು ಯಾಕೆ ಎಲ್ಲ ಅರ್ಧದಿಂದ ಶುರು ಮಾಡ್ತಾರೆ?" ಎಂದು ಕೇಳಿದಳು. "ಮೊದ್ಲು ಎಂತ ಆಯ್ತು ಅಂತ ಹೇಳುದೇ ಇಲ್ವಲ್ಲ."

ನನ್ನ ಮಗಳು ಕಾಲೇಜಿಗೆ ಹೋಗುವವಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಗೆಳತಿಯರ ಜೊತೆ ಗಾಜಾದ ಪರವಾಗಿ ನಡೆಯುವ ಶನಿವಾರದ ಮೆರವಣಿಗೆಗೆ ಒಮ್ಮೆ ಹೋಗಿ ಬಂದವಳು.

"ಚಿಕ್ಕಮ್ಮ, ಬಟ್ ಚಿಲ್ಡ್ರನ್ ಆರ್ ಡೈಯಿಂಗ್," ಎಂದಳು.

"ಹೌದು ಮಗಾ. ನಾನು ಅಲ್ಲಿಂದ ಹೊಗೆ ನೋಡಿದ್ದೇನೆ. ಅಳು ಬರ್ತದೆ. ಆದ್ರೆ ಆವತ್ತು ಹಿಡ್ಕೊಂಡು ಹೋದ ಒತ್ತೆಯಾಳುಗಳನ್ನು ಬಿಟ್ಟು, ಬಂದೂಕು ಕೆಳಗಿಡಿ ಅಂತ ನಿಮ್ಮ ಮೆರವಣಿಗೆಯಲ್ಲಿ ಯಾರಾದ್ರೂ ಕೂಗಿದ್ರಾ? ಬಿಟ್ಟಿದ್ರೆ ಆವತ್ತೇ ಮುಗೀತಿತ್ತಲ್ವಾ?"

"ಇಟ್ಸ್ ನಾಟ್ ದಟ್ ಸಿಂಪಲ್."

"ಬಾಗಿಲಿನ ಹೊರಗೆ ನಿಂತವನಿಗೆ ಸಿಂಪಲ್ ಅಲ್ಲ. ಒಳಗೆ ನಿಂತವಳಿಗೆ ಸಿಂಪಲ್ಲೇ."

ಮಗಳು ಕಣ್ಣು ತಿರುಗಿಸಿ ಮಹಡಿ ಹತ್ತಿದಳು. ಸ್ವಲ್ಪ ಹೊತ್ತಿಗೆ ಇಳಿದು ಬಂದು ಚಿಕ್ಕಮ್ಮನ ಪಕ್ಕದಲ್ಲೇ ಕುಳಿತು ಅವಳ ತೊಡೆಯ ಮೇಲೆ ಕಾಲು ಚಾಚಿದಳು. ಅವರಿಬ್ಬರೂ ದಿನಾ ಹಾಗೆ ವಾದ ಮಾಡಿ ಮತ್ತೆ ಒಂದೇ ತಟ್ಟೆಯಲ್ಲಿ ಚಿಪ್ಸ್ ತಿನ್ನುತ್ತಿದ್ದರು. ನಾನು ನಡುವೆ ಬಾಯಿ ಹಾಕುತ್ತಿರಲಿಲ್ಲ. ಯಾರ ಪಕ್ಷ ಎಂದು ಕೇಳಿದರೆ, ಒಲೆಯ ಮೇಲೆ ಏನೋ ಇದೆ ಎಂದು ಎದ್ದುಹೋಗುತ್ತಿದ್ದೆ.

ನನಗೆ ಅಭಿಪ್ರಾಯ ಇರಲಿಲ್ಲ ಎಂದಲ್ಲ. ನಮ್ಮ ಕೇರ್ ಹೋಮಿನಲ್ಲಿ ಒಬ್ಬರು ಯಹೂದಿ ಅಜ್ಜಿ ಇದ್ದಾರೆ. ಅವರ ಅಪ್ಪ ಅಮ್ಮ ಎಲ್ಲಿಂದಲೋ ಓಡಿ ಬಂದು ಮ್ಯಾಂಚೆಸ್ಟರಿನಲ್ಲಿ ಮಳೆಕೋಟು ಹೊಲಿಯುವ ಕಾರ್ಖಾನೆಯಲ್ಲಿ ದುಡಿದವರು. ಕತ್ತಿನ ಸರದಲ್ಲಿ ಅವರ ಧರ್ಮದ ಗುರುತಿನ ಒಂದು ಸಣ್ಣ ನಕ್ಷತ್ರ. ಮೊದಲೆಲ್ಲ ಅದನ್ನು ಬ್ಲೌಸಿನ ಮೇಲೆ ಕಾಣುವ ಹಾಗೆ ಹಾಕುತ್ತಿದ್ದರು. ಈಗ ಡಾಕ್ಟರನ್ನು ನೋಡಲು ಹೊರಗೆ ಹೋಗುವ ದಿನ ನನ್ನನ್ನು ಕರೆದು, ಇದನ್ನು ಕಾಲರಿನೊಳಗೆ ಸೇರಿಸಮ್ಮ ಎನ್ನುತ್ತಾರೆ. ಹುಟ್ಟಿದ ಊರಿನಲ್ಲಿ ತೊಂಬತ್ತರ ಆಸುಪಾಸಿನ ಹೆಂಗಸು ಕತ್ತಿನ ಸರ ಬಚ್ಚಿಡುವಂತಾದರೆ ಆ ಊರಿಗೆ ಏನೋ ಆಗಿದೆ ಎಂದು ತಿಳಿಯಲು ಏಳನೇ ಕ್ಲಾಸು ಸಾಕು.

ಒಂದು ದೇಶಕ್ಕೆ ತನ್ನ ಬಾಗಿಲು ಕಾಯುವ ಹಕ್ಕಿದೆ. ನುಗ್ಗಿ ಕೊಂದವರು ಮತ್ತೆ ನುಗ್ಗುತ್ತೇವೆ ಎಂದು ಹೇಳುತ್ತಿರುವಾಗ, ಬಾಗಿಲಿನ ಹಿಡಿಕೆ ಬಿಡು ಎಂದು ಲಂಡನ್ನಿನಲ್ಲಿ ಕುಳಿತು ಹೇಳುವುದು ಸುಲಭ. ಗಾಜಾದ ಮಕ್ಕಳ ಚಿತ್ರ ನೋಡಿದಾಗ ನನಗೂ ಊಟ ಸೇರುವುದಿಲ್ಲ. ಆದರೆ ಆ ಮಕ್ಕಳ ಮನೆ ಕೆಳಗೆ ಸುರಂಗ ತೋಡಿ ಅದರಲ್ಲಿ ಅವಿತವರನ್ನು ಮೊದಲು ಕೇಳಬೇಕು ಎಂದೇ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಇಲ್ಲಿನ ಸರ್ಕಾರ ಪ್ಯಾಲೆಸ್ತೀನಿಗೆ ದೇಶದ ಮಾನ್ಯತೆ ಕೊಡುತ್ತೇವೆ ಎಂದು ಹೇಳತೊಡಗಿದಾಗ ತಂಗಿ, "ಜನರನ್ನು ಇನ್ನೂ ಕತ್ತಲೆಯಲ್ಲಿ ಕೂಡಿಟ್ಟಿದ್ದಾರೆ, ಇವರು ಈಗ್ಲೇ ಬಹುಮಾನ ಕೊಡ್ಲಿಕ್ಕೆ ಹೊರಟಿದ್ದಾರೆ," ಎಂದಳು. ನನಗೂ ಅದು ಸರಿ ಕಂಡಿತು. ನಮ್ಮ ಬೀದಿಗೆ ಮತ ಕೇಳಲು ಬಂದ ಒಬ್ಬರು ಗಾಜಾದ ವಿಷಯವೇ ಮಾತಾಡಿದರು. ನಾನು ಹಿಂದಿನ ಓಣಿಯ ಕಸದ ಡಬ್ಬಿ ಯಾಕೆ ಎತ್ತುತ್ತಿಲ್ಲ ಎಂದು ಕೇಳಿದೆ. ಅವರಿಗೆ ಅದು ಗೊತ್ತಿರಲಿಲ್ಲ. ಇವೆಲ್ಲ ನನ್ನ ತಲೆಯಲ್ಲಿದ್ದವು. ಬಾಯಿಗೆ ಬರುತ್ತಿರಲಿಲ್ಲ, ಅಷ್ಟೆ.

ಇಲ್ಲಿ ನಮ್ಮ ಕನ್ನಡದವರು ಆಗಾಗ ಒಂದು ಸ್ಕೂಲಿನ ಹಾಲ್ ಬಾಡಿಗೆಗೆ ಹಿಡಿದು ಸೇರುತ್ತಾರೆ. ಎಲ್ಲರೂ ಒಂದೊಂದು ಅಡುಗೆ ಮಾಡಿಕೊಂಡು ಬರುತ್ತಾರೆ. ಹೆಚ್ಚಿನವರು ಬೆಂಗಳೂರಿನ ಸಾಫ್ಟ್‌ವೇರಿನವರು, ಎಂಜಿನಿಯರುಗಳು, ಡಾಕ್ಟರುಗಳು. ಊಟಕ್ಕೆ ಮೊದಲು 'ಅನುಭವ' ಎಂದು ಒಂದು ಸಣ್ಣ ಹೊತ್ತು ಇರುತ್ತದೆ, ಯಾರಾದರೂ ಒಬ್ಬರು ತಮ್ಮ ಬದುಕಿನ ಬಗ್ಗೆ ಮಾತಾಡಬೇಕು. ಅದನ್ನು ನಡೆಸುವ ಕಾರ್ಯದರ್ಶಿಯಮ್ಮನಿಗೆ ನನ್ನ ತಂಗಿ ಇಸ್ರೇಲಿನಲ್ಲಿ ಇದ್ದವಳೆಂದು ತಿಳಿದು, ಮನೆಗೇ ಫೋನ್ ಮಾಡಿ ಅವಳನ್ನು ಕೇಳಿದರು. ತಂಗಿ ಕೂಡಲೇ ಒಪ್ಪಿದಳು.

"ರಾಜಕೀಯ ಬೇಡ ಅಂದ್ರು," ಎಂದು ನನಗೆ ಹೇಳಿದಳು. "ನಂಗೆ ರಾಜಕೀಯ ಎಲ್ಲಿ ಗೊತ್ತುಂಟು? ಆ ದಿನ ಎಂತಾಯ್ತು ಅಂತ ಹೇಳ್ತೇನೆ. ನನ್ನ ಫ್ರೆಂಡಿನ ವಿಷಯ ಹೇಳ್ತೇನೆ. ಹೀಬ್ರೂದಲ್ಲಿ ಪೊಲೀಸರಿಗೆ ಹೇಳಿದ್ದೇನೆ, ಇಂಗ್ಲಿಷಲ್ಲಿ ಅವಳ ಅಣ್ಣನಿಗೆ ಹೇಳಿದ್ದೇನೆ. ನಮ್ಮ ಭಾಷೆಯಲ್ಲಿ ಒಂದ್ಸಲ ಕೂಡ ಪೂರ್ತಿ ಹೇಳ್ಲಿಲ್ಲ ಅಕ್ಕ. ಊರಲ್ಲಿ ಶುರು ಮಾಡಿದ್ರೆ ಅಮ್ಮ ಕಿವಿ ಮುಚ್ಕೊಳ್ತಾಳೆ."

ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಅಂದಿನಿಂದ ಅವಳು ಇಸ್ತ್ರಿ ಹಾಕುತ್ತ, ಪಾತ್ರೆ ತೊಳೆಯುತ್ತ ಗಟ್ಟಿಯಾಗಿ ಅಭ್ಯಾಸ ಮಾಡತೊಡಗಿದಳು. ಪ್ರತಿ ಸಲವೂ ಗೆಳತಿಯ ಜಾಗಕ್ಕೆ ಬಂದಾಗ ನಿಲ್ಲಿಸಿ, ಮತ್ತೆ ಮೊದಲಿನಿಂದ. ಕೊನೆಗೊಂದು ದಿನ ಎಲ್ಲೂ ನಿಲ್ಲದೆ ಪೂರ್ತಿ ಹೇಳಿ ಮುಗಿಸಿದಳು. ನಾನು ಆಗ ಈರುಳ್ಳಿ ಹೆಚ್ಚುತ್ತಿದ್ದೆ. ಅವಳು ತಿರುಗಿ ನೋಡಿ, "ಹೇಗಾಯ್ತು?" ಎಂದಳು. "ಚೆನ್ನಾಯ್ತು," ಎಂದೆ. ನಿಜ ಹೇಳಬೇಕೆಂದರೆ ನಾನು ಅರ್ಧ ಕೇಳಿರಲೇ ಇಲ್ಲ. ನನ್ನ ತಲೆಯಲ್ಲಿ ಡಾಕ್ಟರಮ್ಮ ಇದ್ದರು.

ಡಾಕ್ಟರಮ್ಮ ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ ಇರುವವರು. ಕಲಬುರಗಿಯ ಕಡೆಯ ಮುಸ್ಲಿಂ ಮನೆತನ. ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಚೊಕ್ಕ ಕನ್ನಡ. ನನ್ನ ಗಂಡನಿಗೆ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಸೇರಿಸಿದಾಗ, ಅವರ ವಾರ್ಡೇ ಅಲ್ಲದಿದ್ದರೂ ಕೆಲಸ ಮುಗಿಸಿ ಬಂದು ನನ್ನ ಪಕ್ಕದಲ್ಲಿ ಕುಳಿತು, ಅಲ್ಲಿನವರು ಹೇಳಿದ್ದನ್ನೆಲ್ಲ ಒಂದೊಂದಾಗಿ ಕನ್ನಡದಲ್ಲಿ ಬಿಡಿಸಿ ಹೇಳಿದವರು. ಅಲ್ಲಿಂದ ಇಂದಿನವರೆಗೆ ಹಬ್ಬಕ್ಕೆ ಅವರ ಮನೆಯ ಶೀರ್‌ಕುರ್ಮಾ ನಮಗೆ, ನಮ್ಮ ಮನೆಯ ಪತ್ರೊಡೆ ಅವರಿಗೆ. ಕೂಟದಲ್ಲಿ ಅವರು ಯಾವಾಗಲೂ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ತಂಗಿ ಎದ್ದು ನಿಂತು ಆ ದಿನದ ಕತೆ ಹೇಳುವಾಗ ಅವರ ಮುಖ ಹೇಗಾಗಬಹುದು ಎಂದು ನಾನು ಯೋಚಿಸಿದೆ. ಯೋಚಿಸಿ ಯೋಚಿಸಿ ಆ ಮುಖವನ್ನು ನಾನೇ ಮಾಡಿಬಿಟ್ಟೆ. ಸಿಟ್ಟಿನ ಮುಖ. ಎದ್ದು ಹೊರಗೆ ಹೋಗುವ ಮುಖ.

ಅವರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ನಮ್ಮವರಲ್ಲಿ ಇದೊಂದು ದೊಡ್ಡ ಗುಣ ಎಂದು ನಾನು ತಿಳಿದಿದ್ದೆ, ಯಾರ ಮನಸ್ಸಿಗೂ ನೋವಾಗದ ಹಾಗೆ ಮುಂಚಿತವಾಗಿ ಎಲ್ಲ ಸರಿಮಾಡಿಬಿಡುವುದು.

ಕೂಟದ ಹಿಂದಿನ ದಿನ ತಂಗಿ ಸಾವ್ತಾ ಕಲಿಸಿದ ಬ್ರೆಡ್ ಮಾಡಿದಳು. ಶುಕ್ರವಾರ ಸಂಜೆ ಯಹೂದಿಗಳ ಮನೆಗಳಲ್ಲಿ ಮಾಡುವಂಥದ್ದು. ಹಿಟ್ಟನ್ನು ಹುಡುಗಿಯ ಜಡೆಯಂತೆ ಹೆಣೆದು, ಮೊಟ್ಟೆ ಸವರಿ ಬೇಯಿಸುತ್ತಾರೆ. ಮನೆಯೆಲ್ಲ ಘಮ ಎಂದಿತು. ಮರುದಿನ ಬೆಳಗ್ಗೆ ಅವಳು ಸೀರೆ ತೆಗೆದಿಟ್ಟುಕೊಂಡು ಸ್ನಾನಕ್ಕೆ ಹೊರಟಾಗ, "ಕೂಟ ಮುಂದಕ್ಕೆ ಹೋಯ್ತಂತೆ ಮಾರಾಯ್ತಿ, ಈಗ ಮೆಸೇಜ್ ಬಂತು. ಹಾಲ್ ಸಿಗ್ಲಿಲ್ಲವಂತೆ," ಎಂದೆ.

ಅವಳ ಮುಖ ಸಪ್ಪಗಾಯಿತು. "ಮುಂದೆ ಯಾವಾಗ?"

"ಹೇಳ್ತಾರಂತೆ. ನನ್ನ ಡ್ಯೂಟಿಯ ರೋಟಾ ಕೂಡ ಬದಲಾಗಿದೆ, ಕೆಲಸಕ್ಕೆ ಹೋಗ್ಬೇಕು. ಬ್ರೆಡ್ ಒಣಗ್ತದೆ, ಕೇರ್ ಹೋಮಿನವರಿಗೆ ಕೊಡ್ತೇನೆ."

"ಕೊಡು. ಆ ಸರದ ಅಜ್ಜಿಗೆ ಮೊದ್ಲು ಕೊಡು," ಎಂದು ಅವಳೇ ಬಟ್ಟೆಯಲ್ಲಿ ಸುತ್ತಿ ನನ್ನ ಚೀಲದಲ್ಲಿಟ್ಟಳು.

ಹಾಲಿನಲ್ಲಿ ಕಾರ್ಯದರ್ಶಿಯಮ್ಮ ಬಾಗಿಲಲ್ಲೇ ಸಿಕ್ಕಿದರು. "ತಂಗಿ ಎಲ್ಲಿ ಅಕ್ಕ?"

"ಜ್ವರ. ಎದ್ದೇಳೋಕೇ ಆಗ್ತಿಲ್ಲ."

"ಅಯ್ಯೋ ಪಾಪ! ಎಲ್ಲಾರೂ ಕಾಯ್ತಿದ್ರು."

ಅವರು ವೇದಿಕೆಯಿಂದಲೂ ಹೇಳಿಸಿದರು. ಮೈಕ್ ಹಿಡಿದು ನಾನೇ, ತಂಗಿಗೆ ಜ್ವರ, ಕ್ಷಮಿಸಿ, ಎಂದೆ. ಅವಳ ಬದಲು ಒಬ್ಬ ಹುಡುಗ ಗಿಟಾರ್ ಬಾರಿಸಿದ. ಊಟದ ಮೇಜಿನ ಮೇಲೆ ಬ್ರೆಡ್ ಇಟ್ಟೆ. ಡಾಕ್ಟರಮ್ಮ ಒಂದು ಎಳೆ ಮುರಿದು ಬಾಯಿಗಿಟ್ಟು, "ವಾಹ್! ಇದೇನಕ್ಕಾ, ಯಾರು ಮಾಡಿದ್ದು?" ಎಂದರು.

"ಬೇಕರಿಯದ್ದು," ಎಂದೆ.

ಸುಳ್ಳು ಒಂದಾದ ಮೇಲೆ ಒಂದು ಎಷ್ಟು ಸಲೀಸಾಗಿ ಬರುತ್ತದೆ ಎಂದು ನನಗೆ ಅಂದೇ ತಿಳಿದದ್ದು. ಬ್ರೆಡ್ ಒಂದು ಚೂರೂ ಉಳಿಯಲಿಲ್ಲ. ಅವಳು ಸುತ್ತಿ ಕೊಟ್ಟ ಬಟ್ಟೆಯನ್ನು ಕೊಡವಿ ಮಡಚಿ ಮನೆಗೆ ತಂದೆ. "ಅಜ್ಜಿ ತಿಂದ್ರಾ?" ಎಂದು ಕೇಳಿದಳು. "ತುಂಬ ಇಷ್ಟ ಆಯ್ತು," ಎಂದೆ.

ಮುಂದಿನ ವಾರ ನಾವಿಬ್ಬರೂ ಸಾಮಾನು ತರಲು ಹೋಗಿದ್ದೆವು. ಮೊಸರಿನ ಫ್ರಿಜ್ಜಿನ ಮುಂದೆ ಕಾರ್ಯದರ್ಶಿಯಮ್ಮ ಎದುರಾದರು.

"ನೀವೇ ಅಲ್ವಾ ತಂಗಿ? ಜ್ವರ ಹೋಯ್ತಾ? ನಿಮ್ಮ ಮಾತು ಕೇಳ್ಬೇಕು ಅಂತ ಎಷ್ಟು ಜನ ಬಂದಿದ್ರು ಗೊತ್ತಾ! ಹೋಗ್ಲಿ ಬಿಡಿ, ಹೆಲ್ತ್ ಮುಖ್ಯ. ಅಕ್ಕ ತಂದಿದ್ದ ಆ ಜಡೆ ಬ್ರೆಡ್ ಇದ್ಯಲ್ಲ, ಸೂಪರ್! ಯಾವ ಬೇಕರಿ ಅಂತ ಕೇಳಿದ್ರೆ ಸೀಕ್ರೆಟ್ ಅಂತಾರೆ."

ತಂಗಿ ನನ್ನನ್ನು ನೋಡಲಿಲ್ಲ. ಅವರನ್ನೇ ನೋಡಿ ನಕ್ಕಳು. "ಈಗ ಪರವಾಗಿಲ್ಲ," ಎಂದಳು. "ಜ್ವರ ಬಿಟ್ಟಿದೆ."

ಅವಳು ಅಲ್ಲೇ ಕೂಗಾಡಿದ್ದರೆ ಚೆನ್ನಾಗಿತ್ತು. ನನ್ನ ಸುಳ್ಳಿಗೆ ಅವಳೇ ಸಾಕ್ಷಿ ಹೇಳಿ ನನ್ನ ಮಾನ ಉಳಿಸಿದಳು. ಸಾಮಾನೆಲ್ಲ ತೆಗೆದುಕೊಂಡು, ಚೀಲ ಹೊತ್ತು ಬಸ್ ಸ್ಟಾಪಿಗೆ ಬಂದೆವು. ಬೆಂಚಿನ ಮೇಲೆ ಕುಳಿತ ಮೇಲೆ ಕೇಳಿದಳು.

"ಯಾರಿಗೆ ಹೆದರಿದ್ದು ನೀನು?"

"ಹೆದರಿಕೆ ಅಂತಲ್ಲ. ಡಾಕ್ಟರಮ್ಮನಿಗೆ ಬೇಜಾರಾಗ್ತದೆ ಅಂತ…"

"ಅವರು ಹೇಳಿದ್ರಾ?"

"ಇಲ್ಲ."

"ನೀನು ಕೇಳಿದ್ಯಾ?"

"ಇಲ್ಲ."

"ಮತ್ತೆ? ಅವರ ಬಾಯೂ ನೀನೇ, ನನ್ನ ಬಾಯೂ ನೀನೇ. ಎರಡನ್ನೂ ಒಟ್ಟಿಗೆ ಮುಚ್ಚಿದ್ದಿ." ಚೀಲವನ್ನು ಕಾಲ ಬಳಿಗೆ ಎಳೆದುಕೊಂಡು ಕೇಳಿದಳು, "ನಿಂಗೂ ಆ ಮೆರವಣಿಗೆಯವರ ಹಾಗೆ ಅನಿಸ್ತದಾ ಅಕ್ಕ? ನಾನು ತಪ್ಪಿನವರ ಮನೆಯಲ್ಲಿ ಅನ್ನ ತಿಂದೆ ಅಂತ?"

"ದೇವರಾಣೆ ಇಲ್ಲ. ನಂಗೆ ನಿನ್ನ ಹಾಗೇ ಅನಿಸುದು."

"ಹಾಗಾದ್ರೆ ಇದು ಇನ್ನೂ ಕೆಟ್ಟದ್ದು," ಎಂದಳು. ಬಸ್ ಬಂತು. ಅವಳು ಮುಂದಿನ ಸೀಟಿನಲ್ಲಿ ಒಬ್ಬಳೇ ಕುಳಿತಳು.

ಮನೆಯಲ್ಲಿ ವಿಷಯ ಗೊತ್ತಾದಾಗ ನನ್ನ ಗಂಡ, "ಹೋಗ್ಲಿ, ಜಗಳ ಆಗ್ಲಿಲ್ವಲ್ಲ," ಎಂದರು. ಮಗಳು ಮಾತ್ರ ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದಳು. "ಐ ಡಿಸಗ್ರೀ ವಿತ್ ಎವ್ರಿಥಿಂಗ್ ಶಿ ಸೇಸ್. ಬಟ್ ಅಟ್ ಲೀಸ್ಟ್ ಐ ಸೇ ಇಟ್ ಟು ಹರ್ ಫೇಸ್, ಅಮ್ಮ." ಎದ್ದುಹೋಗಲು ಒಲೆಯ ಮೇಲೆ ಅಂದು ಏನೂ ಇರಲಿಲ್ಲ.

ತಂಗಿ ಜಗಳವಾಡಲಿಲ್ಲ. ಅಡುಗೆ ಮಾಡಿದಳು, ಮಗಳ ತಲೆಗೆ ಎಣ್ಣೆ ಹಚ್ಚಿದಳು, ನನ್ನ ಜೊತೆ ಅಕ್ಕಿ ಬೇಳೆಯ ಮಾತಾಡಿದಳು. ಆದರೆ ನಾನು ಅಡುಗೆಮನೆಗೆ ಬಂದಾಗಲೆಲ್ಲ ಅವಳ ಬಾಯಿಂದ ಬರುತ್ತಿದ್ದ ಆ ಅಭ್ಯಾಸದ ಮಾತು ನಿಂತುಹೋಯಿತು. ಸಾವ್ತಾಳ ಮಗಳು, ತನ್ನ ಮಾವನನ್ನು ನೋಡಿಕೊಳ್ಳಲು ಬರುತ್ತೀಯಾ ಎಂದು ಮೊದಲೇ ಕೇಳಿದ್ದಳಂತೆ. ಬೇಡ, ಸಾಕಾಗಿದೆ, ಅಕ್ಕನ ಮನೆಯಲ್ಲಿ ಕೆಲವು ತಿಂಗಳು ಇರುತ್ತೇನೆ ಎಂದಿದ್ದವಳು, ಈಗ ಬರುತ್ತೇನೆ ಎಂದು ಹೇಳಿದಳು. ವೀಸಾ ಮುಗಿಯಲು ಇನ್ನೂ ಸಮಯ ಇರುವಾಗಲೇ ಹೊರಟಳು.

"ಅಲ್ಲಿ ಇನ್ನೂ ಗಲಾಟೆ ಇದೆಯಲ್ಲೇ," ಎಂದೆ.

"ಅಲ್ಲಿ ಗಲಾಟೆ ಆದ್ರೆ ಸೈರನ್ ಆಗ್ತದೆ ಅಕ್ಕ. ಗೊತ್ತಾಗ್ತದೆ."

ಅವಳು ಹೋಗಿ ಸ್ವಲ್ಪ ಕಾಲದ ಮೇಲೆ, ಶರತ್ಕಾಲದಲ್ಲಿ, ಮ್ಯಾಂಚೆಸ್ಟರಿನ ಉತ್ತರದ ಒಂದು ಯಹೂದಿ ಪ್ರಾರ್ಥನಾ ಮಂದಿರದ ಮೇಲೆ ಅವರ ಅತಿ ಪವಿತ್ರ ದಿನವೇ ದಾಳಿಯಾಯಿತು. ಪ್ರಾಣ ಹೋಯಿತು. ಎಲ್ಲರಿಗೂ ಗೊತ್ತಿರುವ ವಿಷಯ, ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಳಗಿದ್ದವರು ಬಾಗಿಲನ್ನು ಒತ್ತಿ ಹಿಡಿದು ನಿಂತಿದ್ದರು ಎಂದು ಟಿವಿಯಲ್ಲಿ ಹೇಳಿದಾಗ ನಾನು ಕೇರ್ ಹೋಮಿನ ಅಡುಗೆಮನೆಯಲ್ಲಿ ಒಲೆ ಆರಿಸಿ ನಿಂತೆ. ನಮ್ಮ ಸರದ ಅಜ್ಜಿ ಅಂದು ಊಟ ಮುಟ್ಟಲಿಲ್ಲ.

ಸಂಜೆ ಫೋನ್ ಬಂತು. ತಂಗಿ.

"ಅಕ್ಕ, ನೀವೆಲ್ಲ ಹುಷಾರುಂಟಾ? ಮಗಳು ಮನೆಗೆ ಬಂದ್ಲಾ? ಭಾವನಿಗೆ ಟೌನಿಗೆ ಹೋಗ್ಬೇಡಿ ಅಂತ ಹೇಳು."

ರಾಕೆಟ್ ಬೀಳುವ ದೇಶದಿಂದ ಮ್ಯಾಂಚೆಸ್ಟರಿಗೆ ಫೋನ್ ಮಾಡಿ, ಹುಷಾರಾಗಿದ್ದೀರಾ ಎಂದು ಕೇಳುವಂತಾಯಿತು. ಇಷ್ಟು ವರ್ಷ ಊರಿನವರಿಗೆಲ್ಲ, ನಾನಿರುವುದು ಕಾನೂನಿನ ದೇಶ, ತಂಗಿಯದೇ ಚಿಂತೆ ಎಂದು ಹೇಳಿಕೊಂಡು ಬಂದವಳು ನಾನು. ಬೀದಿಯಲ್ಲಿ ವಾರವಾರ ದ್ವೇಷದ ಘೋಷಣೆ ಕೂಗಿದರೂ ಪೊಲೀಸರು ಕೈಕಟ್ಟಿ ನಿಂತರೆ, ದೊಡ್ಡವರು ಅದನ್ನು ದ್ವೇಷ ಎಂದು ಕರೆಯಲೂ ಹಿಂಜರಿದರೆ, ಇಂಥದ್ದು ಆಗುತ್ತದೆ ಎಂದು ನನಗೆ ಸಿಟ್ಟು ಬಂತು. ಆ ದೊಡ್ಡವರನ್ನು ಬಯ್ಯಲು ಬಾಯಿ ತೆರೆದೆ. ಅವರೂ ನನ್ನ ಹಾಗೆಯೇ ಯಾರದೋ ಮುಖವನ್ನು ತಾವೇ ಊಹಿಸಿಕೊಂಡು ಸುಮ್ಮನಿದ್ದವರಲ್ಲವೇ ಎಂದು ಹೊಳೆದು ಮಾತು ಅಲ್ಲೇ ನಿಂತಿತು.

ಆ ವಾರವೇ ಬಸ್ ಹತ್ತಿ ಡಿಡ್ಸ್‌ಬರಿಗೆ ಹೋದೆ. ಡಾಕ್ಟರಮ್ಮ ಬಾಗಿಲು ತೆರೆದು, "ಬನ್ನಿ ಅಕ್ಕಾ, ಏನು ಹೇಳ್ದೆ ಕೇಳ್ದೆ!" ಎಂದರು. ಚಹಾ ಮಾಡಲು ಎದ್ದವರನ್ನು ಕೂರಿಸಿ ಎಲ್ಲ ಹೇಳಿದೆ. ತಂಗಿಯ ಆ ದಿನ, ಅವಳ ಗೆಳತಿ, ಜ್ವರ, ಬ್ರೆಡ್, ಬಸ್ ಸ್ಟಾಪ್.

"ನನ್ನ ಹೆಸ್ರು ನೋಡಿ ನೀವೇ ಡಿಸೈಡ್ ಮಾಡ್ಬಿಟ್ರಿ ಅಲ್ವಾ," ಎಂದರು. "ನಿಮ್ಮ ಪಕ್ಕ ಕೂತಿದ್ದೆನಲ್ಲ ಆಸ್ಪತ್ರೇಲಿ, ಆವಾಗ ನೋಡಿದ್ದು ಇಷ್ಟೇನಾ ನನ್ನ?"

"ನಿಮ್ಮ ಮನಸ್ಸಿಗೆ ನೋವಾಗ್ಬಾರ್ದು ಅಂತ ಮೇಡಂ."

"ನೋವಾಗ್ತಿತ್ತು! ಯಾಕಾಗಲ್ಲ? ಗಾಜಾದಲ್ಲಿ ಸತ್ತ ಮಕ್ಕಳ ಬಗ್ಗೆ ಅವಳನ್ನ ಕೇಳ್ತಿದ್ದೆ. ಜೋರಾಗೇ ಕೇಳ್ತಿದ್ದೆ. ನಿಮ್ಮ ತಂಗಿ ಹೇಳೋದನ್ನ ನಾನು ಒಪ್ಪಲ್ಲ, ಈಗ್ಲೂ ಒಪ್ಪಲ್ಲ. ಆದ್ರೆ ಆ ಫಿಲಿಪೈನ್ಸ್ ಹೆಣ್ಣುಮಗಳ ವಿಷಯ ಕೇಳಿದ್ರೆ ನಾನೂ ಅಳ್ತಿದ್ದೆ. ಎರಡೂ ಮಾಡೋಕೆ ಬರಲ್ವಾ ನನಗೆ?"

ಇಸ್ರೇಲಿನ ವಿಷಯದಲ್ಲಿ ಅವರ ಮಾತಿಗೆ ನಾನು ಇಂದಿಗೂ ಒಪ್ಪುವವಳಲ್ಲ, ಅವರು ನನ್ನ ಮಾತಿಗೆ ಒಪ್ಪುವವರಲ್ಲ. ಅಂದು ಮೊದಲ ಸಲ ಅದನ್ನು ಅವರ ಮುಂದೆಯೇ ಹೇಳಿದೆ. ಅವರು ಚಹಾ ಮಾಡಿ ಕೊಟ್ಟರು. ಆದರೆ ಹೊರಡುವಾಗ ಎಂದಿನಂತೆ ಗೇಟಿನವರೆಗೆ ಬರಲಿಲ್ಲ.

ನವೆಂಬರಿನ ರಾಜ್ಯೋತ್ಸವದ ಕೂಟದಲ್ಲಿ 'ಅನುಭವ'ದ ಹೊತ್ತು ನನಗೆ ಕೊಡಿ ಎಂದು ನಾನೇ ಕೇಳಿದೆ. ಕಾರ್ಯದರ್ಶಿಯಮ್ಮ ಕಣ್ಣರಳಿಸಿದರು. ಮೈಕ್ ಹಿಡಿದು, ಬೇಸಿಗೆಯಲ್ಲಿ ನನ್ನ ತಂಗಿಗೆ ಜ್ವರ ಇರಲಿಲ್ಲ ಎಂದು ಶುರು ಮಾಡಿದೆ. ಗಟ್ಟಿ ಕೋಣೆಯ ಬಗ್ಗೆ, ಹಿಡಿಕೆಯ ಬಗ್ಗೆ, ಗೆಳತಿಯ ಬಗ್ಗೆ ನನಗೆ ತಿಳಿದಷ್ಟು ಹೇಳಿದೆ. ಗೆಳತಿಯ ಹೆಸರು ಹೇಳುವ ಜಾಗ ಬಂತು. ಆ ಹೆಸರು ನನಗೆ ನೆನಪೇ ಇರಲಿಲ್ಲ. ತಂಗಿ ಎಷ್ಟು ಸಲ ಹೇಳಿರಬೇಕು. "ಅವಳೊಬ್ಬಳು," ಎಂದು ಹೇಳಿ ಮುಂದೆ ಹೋದೆ. ಇಸ್ರೇಲ್ ತನ್ನ ಬಾಗಿಲು ಕಾದದ್ದು ತಪ್ಪಲ್ಲ ಎಂದೂ ಹೇಳಿದೆ. ಹಿಂದಿನಿಂದ ಒಬ್ಬರು, "ಇದು ರಾಜಕೀಯ ಆಯ್ತು," ಎಂದರು. ಇನ್ನೊಬ್ಬರು, "ಹೇಳ್ಲಿ ಬಿಡ್ರೀ," ಎಂದರು. ಡಾಕ್ಟರಮ್ಮ ಮುಂದಿನ ಸಾಲಿನಲ್ಲೇ ಇದ್ದರು. ಎದ್ದುಹೋಗಲಿಲ್ಲ. ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ತಟ್ಟಲಿಲ್ಲ, ಆಮೇಲೆ ಎಲ್ಲರೂ ಬಿಸಿಬೇಳೆಬಾತಿನ ಸಾಲಿಗೆ ನಿಂತರು. ಇಷ್ಟೇನಾ, ಇದಕ್ಕೇನಾ ನಾನು ಹೆದರಿದ್ದು ಎಂದು ನನಗೆ ನನ್ನ ಮೇಲೇ ಅಸಹ್ಯವಾಯಿತು.

ಮರುದಿನ ತಂಗಿಗೆ ಫೋನ್ ಮಾಡಿ ಹೇಳಿದೆ. ಅವಳು ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಹಿಂದೆ ಯಾರೋ ಮುದುಕ ಕೆಮ್ಮುವುದು ಕೇಳುತ್ತಿತ್ತು.

"ಎಲ್ಲ ಹೇಳಿದ್ಯಾ?" ಎಂದಳು.

"ನಂಗೆ ನೆನಪಿದ್ದಷ್ಟು ಹೇಳಿದೆ. ತಪ್ಪಾಯ್ತು ಅಂತ ಎಲ್ಲರ ಮುಂದೆ ಹೇಳಿದೆ."

"ಒಳ್ಳೇದು ಮಾಡಿದಿ ಅಕ್ಕ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು. "ಆದ್ರೆ ಅದು ನಾನು ಹೇಳ್ಬೇಕಾದದ್ದು ಅಲ್ವಾ? ಮೊದ್ಲು ನಾನು ಹೇಳದ ಹಾಗೆ ಮಾಡಿದಿ. ಈಗ ನನ್ನ ಬದ್ಲು ನೀನೇ ಹೇಳಿ ಮುಗಿಸಿದಿ."

ಇದು ನನಗೆ ಹೊಳೆದೇ ಇರಲಿಲ್ಲ. "ಮುಂದಿನ ಬೇಸಿಗೆಗೆ ಬಾ," ಎಂದೆ. "ನೀನೇ ಹೇಳು. ನಾನು ಪಕ್ಕದಲ್ಲಿ ನಿಂತುಕೊಳ್ತೇನೆ. ಎಲ್ಲರಿಗೂ ಹೇಳ್ತೇನೆ."

"ನೋಡುವ," ಎಂದಳು. "ಆವಾಗ ಹೇಳ್ಬೇಕು ಅಂತ ತುಂಬ ಇತ್ತು ಅಕ್ಕ. ಗಂಟಲಲ್ಲೇ ಇತ್ತು. ಈಗ ಅದು ಎಲ್ಲಿಗೆ ಹೋಯ್ತು ಅಂತ ನಂಗೇ ಗೊತ್ತಿಲ್ಲ." ಹಿಂದಿನಿಂದ ಮುದುಕ ಏನೋ ಕೇಳಿದ. ಅವಳು ಅವನ ಭಾಷೆಯಲ್ಲಿ ಮೆಲ್ಲಗೆ ಉತ್ತರ ಕೊಟ್ಟು, "ಇವರಿಗೆ ಸೂಪಿನ ಹೊತ್ತಾಯ್ತು. ಇಡ್ತೇನೆ ಆಯ್ತಾ," ಎಂದಳು.

ಅವಳ ಗೆಳತಿಯ ಹೆಸರನ್ನು ಕೇಳಿ ತಿಳಿದುಕೊಳ್ಳಬೇಕೆಂದಿದ್ದೆ. ಕೇಳುವ ಧೈರ್ಯವಾಗಲಿಲ್ಲ.